ಬೆವರದ ಬೆನ್ನು

ಕುಣಿಗಲ್ ದಾಟಿ ಹುತ್ರಿದುರ್ಗದ ರಸ್ತೆಗೆ ತಿರುಗಿದರೆ ಚಳಿಗಾಲದಲ್ಲಿ ಬೆಲ್ಲದ ಪಾಕದ ವಾಸನೆ ಎದುರಿಗೇ ಬರುತ್ತದೆ. ಹೋದ ತಿಂಗಳು ಒಂದು ಗೇಟು ಕೂರಿಸಲು ಹೋಗುತ್ತಿದ್ದಾಗ ಪಿಕಪ್ಪಿನ ಡ್ರೈವರು ಗಾಜು ಇಳಿಸಿ, ಆಹಾ ಎಂಥ ಘಮ ಅಂದ. ನಾನು ಗಾಡಿ ನಿಲ್ಲಿಸು ಅಂದೆ. ಇಳಿದು ಬೇಲಿ ಪಕ್ಕ ಕೂತು ವಾಂತಿ ಮಾಡಿದೆ. ಅವನು ನೀರಿನ ಬಾಟಲಿ ಹಿಡಿದು ಪಿಳಿಪಿಳಿ ನೋಡುತ್ತಿದ್ದ. ಆ ಘಮದ ಒಳಗೆ ನನಗೆ ಇನ್ನೊಂದು ವಾಸನೆ ಬರುತ್ತದೆ. ಬೆಂದ ಮನುಷ್ಯರ ಮೈಯದು, ನನ್ನ ತಂಗಿಯ ಮೈಯದು.

ನಾನು ಬೆಳ್ಳಾವಿಯವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ತುಮಕೂರಿನ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣ ಹೊರಲು ಸೇರಿದವನು. ಇವತ್ತು ನನ್ನದೇ ವರ್ಕ್‌ಶಾಪಿದೆ. ಆಸ್ಪತ್ರೆಗಳಿಗೆ, ಹೋಟೆಲುಗಳಿಗೆ ಸ್ಟೀಲ್ ಟೇಬಲ್ಲು, ತೊಟ್ಟಿ, ಬಾಗಿಲು ಮಾಡಿಕೊಡುತ್ತೇನೆ. ರುದ್ರೇಶ ಹಾಕಿದ ಬೆಸುಗೆ ಅಂತ ಬೆರಳು ಸವರಿ ಗುರುತು ಹಿಡಿಯುವವರಿದ್ದಾರೆ. ಜಂಬ ಅಂದರೆ ಅನ್ನಲಿ. ದುಡಿದ ಕೈಗೆ ಅಷ್ಟು ಜಂಬ ಇರಬೇಕು. ಮುರಿದದ್ದು ಏನೇ ಇರಲಿ, ನನ್ನ ಕೈಯಲ್ಲಿ ಕೂಡುತ್ತದೆ ಅಂದುಕೊಂಡೇ ಬದುಕಿದವನು ನಾನು, ಆ ಒಂದು ಆಲೆಮನೆ ಸೀಸನ್ನಿನವರೆಗೆ.

ತಂಗಿ ಗಂಗಮ್ಮನನ್ನು ಹುತ್ರಿದುರ್ಗದ ಪಕ್ಕದ ಹಳ್ಳಿಗೆ ಕೊಟ್ಟಿದ್ದೆವು. ಗಂಡ ನಂಜುಂಡ, ಅವನ ಅಣ್ಣ ಮಾದೇವ. ಜಮೀನು ಭಾಗವಾಗಿತ್ತು, ಆಲೆಮನೆ ಮಾತ್ರ ಭಾಗವಾಗಿರಲಿಲ್ಲ. ಒಂದು ಗಾಣ, ಒಂದು ಕೊಪ್ಪರಿಗೆ, ಇಬ್ಬರಿಗೂ ಪಾಳಿ. ಒಬ್ಬನ ಕಬ್ಬು ಅರೆದು, ಅದರ ಹಾಲು ಕಾಯಿಸಿ, ಅಚ್ಚಿಗೆ ಹೊಯ್ದು ಮುಗಿದ ಮೇಲೆ ಇನ್ನೊಬ್ಬನದು. ಅಲ್ಲಿ ಪಾಳಿ ಅಂದರೆ ದೇವರ ಮೇಲಿನ ಆಣೆ ಇದ್ದ ಹಾಗೆ. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ರಸ ಇಂಗಿ ಬೆಲ್ಲ ಕಪ್ಪಾಗುತ್ತದೆ, ಅದಕ್ಕೇ ಯಾರೂ ಪಾಳಿ ತಪ್ಪಿಸುವುದಿಲ್ಲ.

ಆ ವರ್ಷ ಗಾಣದ ಮೋಟಾರು ಸುಟ್ಟು ನಂಜುಂಡನ ಪಾಳಿ ಎಳೆಯಿತು. ಅವನದು ಮುಗಿದಿರುತ್ತದೆ ಅಂತ ಮಾದೇವ ಅಷ್ಟರಲ್ಲೇ ಕಬ್ಬು ಕಡಿಸಿ ತಂದು ಹಾಕಿದ್ದ. ಅದು ಅಂಗಳದಲ್ಲಿ ಒಣಗುತ್ತಿತ್ತು. ನಂಜುಂಡ ಇನ್ನೂ ಅರೆಯುತ್ತಲೇ ಇದ್ದ. ಮಾದೇವ ಬಂದು ಕೊಪ್ಪರಿಗೆ ಇಳಿಸು ಅಂದ. ಪಾಕ ಇನ್ನೂ ಹದಕ್ಕೆ ಬಂದಿಲ್ಲ, ಈಗ ಇಳಿಸಲ್ಲ ಅಂದ ನಂಜುಂಡ. ಅವ್ವ ಅಪ್ಪನನ್ನು ಎಳೆದು ಬೈದಾಡಿಕೊಂಡರು. ಕೂಲಿಯವರು ದೂರ ಸರಿದು ನಿಂತರು. ಮಾದೇವ ಕುಡಿದಿರಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಪೂರ್ತಿ ಎಚ್ಚರದಲ್ಲಿ, ಹಗಲು ಬೆಳಕಿನಲ್ಲಿ, ಉದ್ದ ಹಿಡಿಯ ಸೌಟು ತೆಗೆದುಕೊಂಡು ಕುದಿಯುವ ಪಾಕವನ್ನು ಎತ್ತಿ ತಮ್ಮನ ಮುಖಕ್ಕೆ ಬೀಸಿದ. ನಂಜುಂಡ ಬಗ್ಗಿದ. ಅವನ ಹಿಂದೆ, ಇವರ ಕಡೆಗೆ ಬೆನ್ನು ಮಾಡಿ, ಗಂಗ ಅಚ್ಚುಮಣೆ ತೊಳೆಯುತ್ತಿದ್ದಳು. ಪಾಕವೆಲ್ಲ ಅವಳ ಬೆನ್ನಿಗೆ ಬಿತ್ತು. ಕಿರುಚಿ ಎದ್ದವಳಿಗೆ ಇನ್ನೊಂದು ಸೌಟು ಬಿತ್ತು, ಸೊಂಟದಿಂದ ತೊಡೆಯವರೆಗೆ. ಮೊದಲನೆಯದು ಕೈತಪ್ಪಿತು ಅಂತ ಯಾರಾದರೂ ಹೇಳಬಹುದು. ಎರಡನೆಯದಕ್ಕೆ ಏನು ಹೇಳುತ್ತಾರೆ?

ನೀರು ಬಿದ್ದರೆ ಹರಿದು ಹೋಗುತ್ತದೆ. ಪಾಕ ಹೋಗುವುದಿಲ್ಲ. ಅಂಟಿಕೊಂಡು ಬೇಯಿಸುತ್ತದೆ, ಆರುತ್ತಾ ಗಟ್ಟಿಯಾಗುತ್ತದೆ. ತಣ್ಣೀರು ಹೊಯ್ಯಬೇಕಿತ್ತು. ನಂಜುಂಡನಿಗೆ ಅದು ಹೊಳೆಯಲಿಲ್ಲ. ದಿನವೂ ಅಚ್ಚಿನಿಂದ ಬೆಲ್ಲ ಬಿಡಿಸುವ ಕೈ ಅವನದು. ಹೆಂಡತಿಯ ಬೆನ್ನ ಮೇಲೆ ಗಟ್ಟಿಯಾಗುತ್ತಿದ್ದ ಬೆಲ್ಲವನ್ನೂ ಹಾಗೇ ಬೆರಳು ಹಾಕಿ ಕಿತ್ತ. ಬೆಲ್ಲದ ಜೊತೆ ಚರ್ಮವೂ ಬಂತು. ಆ ತುಂಡನ್ನು ಕೈಯಲ್ಲಿ ಹಿಡಿದು ನಿಂತಿದ್ದನಂತೆ, ಎಲ್ಲಿ ಇಡಬೇಕೆಂದು ಗೊತ್ತಾಗದೆ.

ನನಗೆ ಫೋನು ಬಂದಾಗ ಗುಬ್ಬಿ ಹತ್ತಿರ ಬಿದರೆಹಳ್ಳ ಕಾವಲ್‌ನಲ್ಲಿ ಒಂದು ಶೆಡ್ಡಿನ ಮೇಲೆ ಕೂತಿದ್ದೆ. ಅಲ್ಲಿನ ಕಾರ್ಖಾನೆಯ ಹೆಲಿಕಾಪ್ಟರೊಂದು ತಲೆಯ ಮೇಲೆ ಸುತ್ತು ಹೊಡೆಯುತ್ತಿತ್ತು, ಮಾತು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ ಮೇಲೆ ಹೇಗೆ ಇಳಿದೆ, ಹೇಗೆ ತುಮಕೂರು ಸೇರಿದೆ, ನೆನಪಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಬೋರಲು ಮಲಗಿಸಿದ್ದರು. ಕೊರಳಲ್ಲಿದ್ದ ಲಿಂಗವನ್ನು ನರ್ಸಮ್ಮ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಮುಂಗೈಗೆ ಕಟ್ಟಿದ್ದಳು. ಡ್ರೆಸ್ಸಿಂಗ್ ಬದಲಿಸುವಾಗ ನಾನು ಕದ ಸರಿಸಿ ನೋಡಿದೆ. ಕಬ್ಬಿಣ ಕರಗುವುದನ್ನು ಮೂವತ್ತು ವರ್ಷದಿಂದ ನೋಡಿದವನು ನಾನು. ಅದನ್ನು ನೋಡಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಗುದ್ದಿದೆ. ಗೆಣ್ಣು ಒಡೆಯಿತು, ಮನಸ್ಸು ಹಗುರಾಗಲಿಲ್ಲ.

ಮೈಯ ಇನ್ನೊಂದು ಕಡೆಯಿಂದ ಚರ್ಮ ತೆಗೆದು ಸುಟ್ಟ ಜಾಗಕ್ಕೆ ಹಾಕಬೇಕು, ಆದರೆ ಇಷ್ಟು ದೊಡ್ಡ ಗಾಯಕ್ಕೆ ಇವಳಲ್ಲಿ ತೆಗೆಯಲು ಜಾಗ ಸಾಲದು ಎಂದರು ಸರ್ಜನ್. ನನ್ನದು ತಗೊಳ್ಳಿ, ಎಷ್ಟು ಬೇಕೋ ಕುಯ್ಕೊಳ್ಳಿ ಅಂದೆ. ಬೇರೆಯವರ ಚರ್ಮ ಕೆಲವು ದಿನ ಹೊದಿಕೆ ಹಾಗಿರುತ್ತದೆ, ಆಮೇಲೆ ಮೈ ಅದನ್ನು ಕಿತ್ತೆಸೆಯುತ್ತದೆ ಅಂದರು. ಬೆನ್ನು ಮುಚ್ಚದಿದ್ದರೆ ಕೀವಾಗಿ ಜೀವ ಹೋಗುತ್ತದೆ, ಅಷ್ಟೇ ವಿಷಯ. ಇರುವುದು ಒಂದೇ ದಾರಿ. ಅವಳದೇ ಚರ್ಮದ ಅಂಚೆಚೀಟಿಯಷ್ಟು ತುಣುಕು ತೆಗೆದು ಲ್ಯಾಬಿನಲ್ಲಿ ಬೆಳೆಸಬೇಕು.

ಆ ಲ್ಯಾಬು ನನಗೆ ಗೊತ್ತಿತ್ತು. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿತ್ತು. ಅದರ ಟೇಬಲ್ಲು, ತೊಟ್ಟಿ, ಧೂಳು ನುಗ್ಗದ ಬಾಗಿಲು ಎಲ್ಲ ನಾನೇ ಮಾಡಿದ್ದು. ಅಲ್ಲಿನ ಶೈಲಜಾ ಮೇಡಂ ಆಗ ಟೇಬಲ್ಲಿನ ಮೂಲೆಯಲ್ಲಿ ಒಂದು ಬೆಸುಗೆ ಒರಟಾಗಿದೆ ಅಂತ ನನ್ನಿಂದ ಎರಡು ಸಲ ಉಜ್ಜಿಸಿದ್ದರು. ಆ ಸಿಟ್ಟು ನನಗೆ ಇನ್ನೂ ಇತ್ತು. ಈಗ ಅವರ ಮುಂದೆಯೇ ಕೈ ಕಟ್ಟಿ ನಿಂತೆ.

ಮೇಡಂ ಎಲ್ಲ ಬಿಡಿಸಿ ಹೇಳಿದರು. ಚರ್ಮದ ಜೀವಕೋಶಗಳನ್ನು ಬೇರ್ಪಡಿಸಿ ತಟ್ಟೆಯಲ್ಲಿ ಬಿಡುತ್ತಾರೆ. ಅವಕ್ಕೆ ಊಟ ಬೇಕು. ಆ ಊಟಕ್ಕೆ ಬಹಳ ಕಡೆ ಸೀರಂ ಹಾಕುತ್ತಾರೆ. ಸೀರಂ ಅಂದರೆ ಏನು ಅಂತ ಕೇಳಿದೆ. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯಲ್ಲಿರುವ ಕರುವಿನ ರಕ್ತದಿಂದ ತೆಗೆದ ತಿಳಿ ಅಂದರು.

ನಾನು ಹಾಕಿ ಅಂದೆ. ನರಕದಿಂದ ತಂದು ಹಾಕಿದರೂ ಸರಿ, ಅವಳಿಗೆ ಹೇಳಬೇಡಿ ಅಂದೆ.

"ಚರ್ಮ ಅವರದು ರುದ್ರೇಶ್. ಅವರನ್ನ ಕೇಳದೆ ನಾನು ಮುಟ್ಟಲ್ಲ" ಅಂದರು ಮೇಡಂ, ಮತ್ತು ಸೀದಾ ವಾರ್ಡಿಗೆ ಹೋಗಿ ಗಂಗಳ ತಲೆಯ ಹತ್ತಿರ ನೆಲದ ಮೇಲೆ ಕೂತು ಹೇಳಿಯೇಬಿಟ್ಟರು.

 ಹಿಂದಿನ ವರ್ಷ ಅವಳ ಹಸು ಕಂದು ಹಾಕಿತ್ತು. ಡಾಕ್ಟರು ಬರುವುದು ತಡವಾಗಿ, ಸತ್ತ ಕರುವನ್ನು ಅವಳೇ ಕೈ ಹಾಕಿ ಎಳೆದಿದ್ದಳು. ಕಣ್ಣು ಇನ್ನೂ ಬಿಟ್ಟಿರದ ಕರು. ಹಸು ವಾರಗಟ್ಟಲೆ ಮೇವು ಮುಟ್ಟದೆ ಕೂಗಿತ್ತು.

"ಬ್ಯಾಡ ಕಣಣ್ಣ" ಅಂದಳು. "ಹೊಟ್ಟೆಲಿದ್ದ ಕರಿನ ರಕ್ತ ಕುಡಿದ ಚರ್ಮ ನನ್ ಮೈಮೇಲೆ ಬ್ಯಾಡ."

"ಸಾಯ್ತೀಯ ಕಣೇ."

"ಸಾಯ್ತೀನಿ ಬುಡು. ಬೆಂದು ಸಾಯ್ಲಿಲ್ಲ, ಕೊಳ್ತು ಸಾಯ್ತೀನಿ."

ಆ ಕ್ಷಣ ಅವಳ ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಬೇಯದೆ ನನಗೆ ಕಾಣುತ್ತಿದ್ದ ಜಾಗ ಅದೊಂದೇ, ಅದಕ್ಕೇ ಹೊಡೆಯಲಿಲ್ಲ. ಮೇಡಂ ನನ್ನ ತೋಳು ಹಿಡಿದು ಹೊರಗೆ ಕರೆತಂದರು. ಸೀರಂ ಇಲ್ಲದೆ ಬೆಳೆಸುವ ವಿಧಾನವಿದೆ, ಅದನ್ನೇ ತಾವು ಅಲ್ಲಿ ಪಳಗಿಸಿಕೊಳ್ಳುತ್ತಿರುವುದು ಅಂದರು. ಉಪ್ಪು, ಸಕ್ಕರೆ, ವಿಟಮಿನ್ನು, ಲ್ಯಾಬಿನಲ್ಲೇ ತಯಾರಾದ ಕೆಲವು ಪ್ರೋಟೀನು. ಕರುವಿನ ಸೀರಂನಲ್ಲಿ ಏನೇನಿದೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ, ಒಂದು ಬಾಟಲಿಯ ಹಾಗೆ ಇನ್ನೊಂದಿರುವುದಿಲ್ಲ. ಇದರಲ್ಲಿ ಹಾಕಿದ್ದೆಲ್ಲ ಲೆಕ್ಕಕ್ಕಿದೆ. ಆದರೆ ಈ ಜೀವಕೋಶಗಳು ನಾಜೂಕು, ಸಣ್ಣ ತಪ್ಪಿಗೂ ಸಾಯುತ್ತವೆ, ತಾವಿನ್ನೂ ರೋಗಿಯ ಮೈಮೇಲೆ ಇದನ್ನು ಹಾಕಿಲ್ಲ. ಅದನ್ನೂ ಮುಚ್ಚಿಡಲಿಲ್ಲ ಆ ಹೆಂಗಸು. ಇದಕ್ಕೆ ಗಂಗ ಹೂಂ ಅಂದಳು, ಆಸ್ಪತ್ರೆಯ ದೊಡ್ಡವರ ಒಪ್ಪಿಗೆಗಳೂ ಬಂದವು. ಗಂಗಳ ಕಿವಿಯ ಹಿಂದಿನಿಂದ ತುಣುಕು ತೆಗೆದರು.

ಕಾಯುವುದು ನನಗೆ ಬರುವುದಿಲ್ಲ. ಮಾದೇವ ಗುಬ್ಬಿಯಲ್ಲಿ ಹೆಂಡತಿಯ ತವರಲ್ಲಿ ಅಡಗಿದ್ದಾನೆ ಅಂತ ಗೊತ್ತಾಯಿತು. ವರ್ಕ್‌ಶಾಪಿನಿಂದ ಒಂದು ರಾಡು ತೆಗೆದುಕೊಂಡು ಹೋದೆ. ಬಾಗಿಲು ಒದ್ದೆ. ಭತ್ತದ ಮೂಟೆಗಳ ಹಿಂದೆ ಕೂತಿದ್ದವನನ್ನು ಕೂದಲು ಹಿಡಿದು ಬೀದಿಗೆ ಎಳೆದೆ. ಮೂಗು ಒಡೆಯುವವರೆಗೆ ಗುದ್ದಿದೆ, ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಒದ್ದೆ. ಅವನು ಒಮ್ಮೆಯೂ ಕೈ ಎತ್ತಲಿಲ್ಲ, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಬಲಗೈಯನ್ನು ಹೊಸಿಲ ಕಲ್ಲಿನ ಮೇಲೆ ಇಟ್ಟು ಮಂಡಿಯಿಂದ ಒತ್ತಿ ಹಿಡಿದೆ. ಸೌಟು ಹಿಡಿದ ಕೈ ಅದು. ರಾಡು ಎತ್ತಿದಾಗ ಅವನ ಹೆಂಡತಿ ಬಂದು ಆ ಕೈಮೇಲೆ ಅಡ್ಡ ಬಿದ್ದಳು.

"ಹೊಡೀರಿ ಅಣ್ಣ. ನಂದೂ ಸೇರ್ಸಿ ಹೊಡೀರಿ."

ರಾಡು ಆಗಲೇ ಇಳಿಯುತ್ತಿತ್ತು. ತಿರುಚಿಕೊಂಡೆ. ಕಲ್ಲಿಗೆ ಬಿದ್ದು ಕಿಡಿ ಹಾರಿ ಭುಜದ ಕೀಲು ಕಳಚಿದ ಹಾಗಾಯಿತು. ಅಷ್ಟರಲ್ಲಿ ಪೊಲೀಸರು ಬಂದರು. ಅವರು ನನಗೂ ಎರಡು ಬಿಗಿದು ಸಂಜೆಯವರೆಗೆ ಕೂರಿಸಿ ಕಳಿಸಿದರು, ಅವನನ್ನು ಒಳಗೆ ಹಾಕಿದರು. ನಾನು ಹೊಡೆದದ್ದಕ್ಕೆ ಇವತ್ತಿಗೂ ನನಗೆ ಯಾವ ಬೇಜಾರೂ ಇಲ್ಲ.

ಗಂಗಳಿಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು.

"ಕೈ ಮುರಿದ್ಯಾ?" ಅಂದಳು.

"ಇಲ್ಲ."

"ಒಳ್ಳೇದಾಯ್ತು. ಇರ್ಲಿ ಅವ್ನ ಕೈ. ನಂಗೆ ಬೇಕು."

ಜ್ವರದಲ್ಲಿ ಏನೋ ಬಡಬಡಿಸುತ್ತಾಳೆ ಅಂದುಕೊಂಡೆ.

ಲ್ಯಾಬಿನಲ್ಲಿ ಮೊದಲ ಸಲ ಬಿಟ್ಟ ಜೀವಕೋಶಗಳು ತಟ್ಟೆಯ ತಳಕ್ಕೆ ಅಂಟಲೇ ಇಲ್ಲ, ತೇಲಿ ಸತ್ತವು. ಮೇಡಂ ತಳಕ್ಕೆ ಒಂದು ಪ್ರೋಟೀನಿನ ಲೇಪ ಕೊಟ್ಟು ಉಳಿಸಿಟ್ಟಿದ್ದನ್ನು ಮತ್ತೆ ಬಿಟ್ಟರು. ಪೇಂಟಿಗೆ ಮುಂಚೆ ಪ್ರೈಮರ್ ಹೊಡೆಯುವ ಹಾಗೆ ಅಂದೆ. ಹೆಚ್ಚುಕಮ್ಮಿ ಹಾಗೇ ಅಂದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಸಣ್ಣ ಸಣ್ಣ ಚೂರು, ಅಲ್ಲೊಂದು ಗುಂಪು ಇಲ್ಲೊಂದು ಗುಂಪು. ಗಂಗ ವಾರ್ಡಿನಲ್ಲಿ ಕೊಳೆಯುತ್ತಿದ್ದಾಗ ಇನ್ನೊಂದು ಗಂಗ ಇಲ್ಲಿ ಬಿಲ್ಲೆಬಿಲ್ಲೆಯಾಗಿ ಬೆಳೆಯುತ್ತಿದ್ದಳು. ಜೀವಕೋಶ ತುಂಬಿಕೊಂಡ ಮೇಲೆ ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚು ಮಾಡುತ್ತಾರೆ, ಆಗ ಅವು ಒಂದಕ್ಕೊಂದು ಕೈ ಹಿಡಿದು ಹಾಳೆಯಾಗುತ್ತವೆ. ಆ ಹಾಳೆ ಹಾಲಿನ ಕೆನೆಗಿಂತ ತೆಳು.

ಹಾಳೆಗಳು ಇನ್ನೇನು ಸಿದ್ಧವಾಗಬೇಕು. ಇತ್ತ ಗಂಗಳ ಬೆನ್ನಿನಲ್ಲಿ ಹಸಿರು ಕೀವು ಕಾಣಿಸಿ, ಜ್ವರ ಏರಿ, ಅವಳು ನನ್ನನ್ನೇ ಅಪ್ಪಾ ಅಂತ ಕರೆಯತೊಡಗಿದ್ದಳು. ಸರ್ಜನ್ ಇನ್ನು ಕಾಯಲಾಗದು ಅನ್ನುತ್ತಿದ್ದರು. ಅಂಥ ದಿನ ನಂಜುಂಡ ಲ್ಯಾಬಿಗೆ ಬಂದ.

ಅಲ್ಲಿಯವರೆಗೆ ಅವನು ಆ ಕಡೆ ಕಾಲಿಟ್ಟಿರಲಿಲ್ಲ. ವಾರ್ಡಿನ ಹೊರಗೆ ಕೂತು ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಯಾರಾದರೂ ಅನ್ನ ಕೊಟ್ಟರೆ ಆ ಕೈಯಲ್ಲಿ ಉಣ್ಣುತ್ತಿರಲಿಲ್ಲ, ಚಮಚ ಕೇಳುತ್ತಿದ್ದ. ಅವತ್ತು ನಾನೇ, ಬಾರೋ, ನಿನ್ನ ಹೆಂಡ್ತಿ ಚರ್ಮ ನೋಡುವೆಯಂತೆ ಅಂತ ಕರೆದುಕೊಂಡು ಹೋದೆ. ಗಾಜಿನಾಚೆ ಟೇಬಲ್ಲಿನ ಮೇಲೆ ತಟ್ಟೆಗಳ ಸಾಲು. ಪ್ರತಿ ತಟ್ಟೆಯಲ್ಲೂ ಕೆಂಪು ನೀರು. ಪಕ್ಕದ ಬಾಟಲಿಗಳಲ್ಲೂ ಕೆಂಪು.

"ರಕ್ತ ಹಾಕವ್ರೆ" ಅಂದ ನಂಜುಂಡ. ಮೆಲ್ಲಗೇ ಅಂದ. "ಅವ್ಳು ಬ್ಯಾಡ ಅಂದ್ರೂ ಹಾಕವ್ರೆ. ನೀನೂ ಸೇರ್ಕೊಂಡಿದೀಯ ಭಾವ."

ನಾನು ಬಾಯಿ ಬಿಡುವುದರೊಳಗೆ, ನಾನೇ ಕೂರಿಸಿದ ಬಾಗಿಲನ್ನು ಭುಜದಿಂದ ಗುದ್ದಿ, ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದ. ಟೇಬಲ್ಲಿನ ಮೇಲೆ ತೋಳು ಆಡಿಸಿದ. ತಟ್ಟೆಗಳು ಗೋಡೆಗೆ ಬಡಿದು ಕೆಂಪು ನೀರು ಚೆಲ್ಲಾಡಿತು. ನಾನು ಹಿಂದಿನಿಂದ ಕತ್ತು ಹಿಡಿದು ತಿರುಗಿಸಿ ಬಾಯಿಗೆ ಗುದ್ದಿದೆ. ಹಲ್ಲು ಮುರಿದು ನನ್ನ ಗೆಣ್ಣಿಗೇ ನಾಟಿತು. ಅವನು ನನ್ನ ಕಿವಿ ಕಚ್ಚಿದ. ಇಬ್ಬರೂ ನೆಲಕ್ಕೆ ಬಿದ್ದು, ಗಂಗಳ ಚರ್ಮದ ಮೇಲೆಯೇ ಹೊರಳಾಡಿ ಹೊಡೆದಾಡಿದೆವು. ಆಗ ನಿಜವಾದ ರಕ್ತ ಚೆಲ್ಲಿತು ಅಲ್ಲಿ, ನನ್ನದೂ ಅವನದೂ.

ಮೇಡಂ ಕೂಗಲಿಲ್ಲ. ಉಳಿದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಒಳಗಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದರು. ಆಮೇಲೆ ಒಂದು ಲೋಟಕ್ಕೆ ಬಾಟಲಿಯ ಕೆಂಪು ನೀರು ಸುರಿದು, ನೆಲದ ಮೇಲೆ ಕೂತಿದ್ದ ನಂಜುಂಡನ ಮುಂದಿಟ್ಟರು. ತಮ್ಮ ಊಟದ ಡಬ್ಬಿಯಿಂದ ನಿಂಬೆ ಹೋಳು ತಂದು ಹಿಂಡಿದರು. ಕೆಂಪು ಹೋಗಿ ಹಳದಿಯಾಯಿತು.

"ನಿಮ್ಮನೇಲಿ ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗಲ್ವಾ?" ಅಂದರು. "ಅದು ರಕ್ತಾನಾ?"

ನಂಜುಂಡ ಲೋಟವನ್ನೇ ನೋಡಿದ. ನೆಂಟರ ಮದುವೆಯಲ್ಲಿ, ಕೂಸುಗಳ ನಾಮಕರಣದಲ್ಲಿ, ಹೊಸ ಕೊಪ್ಪರಿಗೆ ಕೂರಿಸಿದ ದಿನ, ಅದೇ ಕೆಂಪು ನೀರನ್ನು ಗಂಗ ಕಲಸಿ ತಟ್ಟೆಯಲ್ಲಿ ಎತ್ತಿದ್ದಳು. ಹುಳಿಯಾದರೆ ಹಳದಿ, ಇಲ್ಲದಿದ್ದರೆ ಕೆಂಪು. ಜೀವಕೋಶ ಉಂಡಂತೆ ನೀರು ಹುಳಿಯಾಗುತ್ತದೆ, ಅದನ್ನು ತಿಳಿಯಲೆಂದೇ ಆ ಬಣ್ಣ ಹಾಕುವುದು ಅಂತ ಮೇಡಂ ಹೇಳುತ್ತಲೇ ಇದ್ದರು, ಅವನಿಗೆ ಕೇಳಿಸುತ್ತಿರಲಿಲ್ಲ. ಮುರಿದ ಹಲ್ಲಿನ ಬಾಯಿ ಮುಚ್ಚಿಕೊಂಡು, ಚೆಲ್ಲಿದ ತೆಳು ಪೊರೆಗಳನ್ನು ಬೆರಳಿನಿಂದ ಬಾಚಿ ಕೂಡಿಸಲು ಹೋದ. ಮೇಡಂ ಅವನ ಕೈ ಹಿಡಿದರು. "ಬಿಡಿ. ಸತ್ತೋಯ್ತು ಅದು."

ಎರಡನೇ ಸಲ ಆ ಕೈ ಅವಳ ಚರ್ಮ ಕಿತ್ತಿತ್ತು. ಅವನನ್ನು ಇನ್ನೊಮ್ಮೆ ಹೊಡೆಯಲು ನನ್ನ ಕೈ ಏಳಲಿಲ್ಲ.

ಉಳಿದ ಹಾಳೆಗಳು ಬೆನ್ನಿಗೆ ಮಾತ್ರ ಆಗುತ್ತಿದ್ದವು. ತೊಡೆಗೆ ಇರಲಿಲ್ಲ. ಕೀವು ಕೆರೆದು ತೊಳೆದು, ಅವಳದೇ ಚರ್ಮದ ಹಾಳೆಗಳನ್ನು ಬೆನ್ನಿನ ಮೇಲೆ ಹಾಸಿದರು. ತೊಡೆಗೆ ಆಮೇಲೆ ಇನ್ನೊಂದು ಕಾಲಿನಿಂದ ಅಷ್ಟಿಷ್ಟು ಕುಯ್ದು ಹಾಕಿದರು. ಅಲ್ಲಿ ಚರ್ಮ ಸುಕ್ಕಿ ಎಳೆದುಕೊಂಡು ಅವಳು ಇವತ್ತಿಗೂ ಕುಂಟುತ್ತಾಳೆ. ಪಟ್ಟಿ ಬಿಚ್ಚುವ ದಿನ ಸರ್ಜನ್ ಒಂದೊಂದೇ ಪದರ ಎತ್ತುವಾಗ ಹಾಳೆಯೂ ಜೊತೆಗೆ ಎದ್ದು ಬರುತ್ತದೇನೋ ಅಂತ ನಾನು ಉಸಿರು ಹಿಡಿದಿದ್ದೆ. ಒಂದೆರಡು ಕಡೆ ಎದ್ದು ಬಂತು. ಉಳಿದದ್ದು ಕೂತಿತ್ತು. ತಿಳಿಗೆಂಪಗೆ, ಹಸುಗೂಸಿನ ಕೆನ್ನೆಯ ಹಾಗೆ. ನನ್ನ ಬೆಸುಗೆ ಒರಟಾಗಿದೆ ಅಂದಿದ್ದ ಹೆಂಗಸು ಕಾರಿಡಾರಿನಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಗಂಗಳ ಜ್ವರ ಇಳಿಯಿತು.

ಮಾದೇವ ಜಾಮೀನಿನ ಮೇಲೆ ಬಂದ. ಕೇಸು ಕುಣಿಗಲ್ ಕೋರ್ಟಿನಲ್ಲಿ ಈಗಲೂ ನಡೆಯುತ್ತಿದೆ. ಊರಿನ ಹಿರಿಯರು ಕೇಸು ವಾಪಸ್ ತೆಗೆ ಅಂತ ಗಂಗಳ ಮನೆಗೆ ಬಂದಿದ್ದರು. ನಾನೂ ಇದ್ದೆ. ಕೇಸು ತೆಗೆಯಲ್ಲ ಅಂದಳು. ಅವನಿಗೆ ಗಾಣದ ಪಾಳಿ ಬೇಕಾದರೆ ತನ್ನದೊಂದು ಮಾತಿದೆ ಅಂದಳು. ಬೇರೆ ಆಲೆಮನೆಯವರು ಯಾರೂ ಅವನ ಕಬ್ಬು ಮುಟ್ಟುತ್ತಿರಲಿಲ್ಲ, ಅವನು ಒಪ್ಪಲೇಬೇಕಿತ್ತು.

ಹೋದ ತಿಂಗಳು ಬೇಲಿ ಪಕ್ಕ ವಾಂತಿ ಮಾಡಿ ಮುಖ ತೊಳೆದವನು ಗೇಟು ಆಮೇಲೆ ಕೂರಿಸಿದರಾಯಿತು ಅಂತ ಸೀದಾ ಅವರ ಆಲೆಮನೆಗೇ ಹೋದೆ. ಪಾಳಿ ಮಾದೇವನದು, ಕೊಪ್ಪರಿಗೆ ಕುದಿಯುತ್ತಿತ್ತು. ಸೌಟು ಗಂಗಳ ಕೈಯಲ್ಲಿತ್ತು. ಬೆಂಕಿ ಹತ್ತಿರ ಹೋಗಬೇಡ ಅಂತ ಡಾಕ್ಟರು ನೂರು ಸಲ ಹೇಳಿದ್ದಾರೆ, ಕೇಳಿದರೆ ತಾನೆ. ಅವಳ ಮಾತು ಇಷ್ಟೇ ಇತ್ತು: ಪಾಳಿ ಯಾರದಾದರೂ ಸೌಟು ತನ್ನದು. ಒಲೆಗೆ ಕಬ್ಬಿನ ಸಿಪ್ಪೆ ತುರುಕುವುದು ಮಾದೇವ, ಅದೂ ಅವಳ ಬೆನ್ನ ಹಿಂದಿನ ಒಲೆಬಾಯಿಯಲ್ಲಿ ಕೂತು.

ಊರಿನಲ್ಲಿ ಯಾವ ಹೆಂಗಸೂ ಹೊಲಿಸದಷ್ಟು ಬೆನ್ನು ಬಿಟ್ಟು ರವಿಕೆ ಹೊಲಿಸಿಕೊಂಡಿದ್ದಾಳೆ. ಊರವರು ಮಾತಾಡಿಕೊಂಡು ಸುಮ್ಮನಾದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಕತ್ತಿನಿಂದ, ತೋಳಿನಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬೆನ್ನಿನ ಮೇಲೆ ಮಾತ್ರ ಒಂದು ಹನಿಯೂ ಇರಲಿಲ್ಲ. ಲ್ಯಾಬಿನ ಚರ್ಮಕ್ಕೆ ಬೆವರುವುದು ಬರುವುದಿಲ್ಲ, ರೋಮ ಏಳುವುದಿಲ್ಲ. ಬೆಂಕಿಯ ಬೆಳಕಿಗೆ ಅದು ನುಣ್ಣಗೆ ಹೊಳೆಯುತ್ತಿತ್ತು.

ಮಾದೇವ ಸಿಪ್ಪೆಯ ಕಂತೆ ಎತ್ತಲು ತಲೆ ಎತ್ತಿದ, ನೋಡಿದ, ತಲೆ ತಗ್ಗಿಸಿದ. ಮತ್ತೆ ಕಂತೆ, ಮತ್ತೆ ತಲೆ ಎತ್ತಲೇಬೇಕು. ಅವನ ಕೈ ಗಟ್ಟಿಮುಟ್ಟಾಗಿತ್ತು. ನಾನು ಮುರಿಯದೆ ಬಿಟ್ಟ ಕೈ.

"ಸೆಕೆ ಆಗಲ್ವೇನೇ?" ಅಂದೆ.

ಗಂಗ ಪಾಕದಿಂದ ಕಣ್ಣು ತೆಗೆಯಲಿಲ್ಲ.

"ಬೆನ್ನಿಗೆ ಆಗಲ್ಲ ಕಣಣ್ಣ" ಅಂದಳು. "ಹಿಂದಿರೋನ್ಗೆ ಆಗ್ತದೆ."